ಮುಳುಗಿದ ಊರಿನ ಚತುಸ್ಸೀಮೆ

1

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಬೇಸಗೆಯ ರಜೆ ಹತ್ತಿರ ಬಂದಂತೆ ಒಂದು ಮಾತು ತಪ್ಪದೆ ಹೊರಡುವುದುಂಟು: "ಈ ಸಲವಾದರೂ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗಿಬರಬೇಕು." ಯಾವ ಊರು ಎಂದು ಆಡಿದವರು ಹೇಳುವುದಿಲ್ಲ, ಕೇಳಿದವರು ಕೇಳುವುದೂ ಇಲ್ಲ. ತಂದೆತಾಯಿಗಳು ಹುಟ್ಟಿ ಬೆಳೆದುದೇ ಊರು. ಈಗ ಇರುವುದು ಬರಿಯ ಬಿಡಾರ. ಮೂವತ್ತು ವರ್ಷ ಬಾಡಿಗೆ ಕಟ್ಟಿ, ಕೊನೆಗೆ ಸಾಲ ಮಾಡಿ ಮನೆ ಕೊಂಡರೂ ಅದು ಬಿಡಾರವೇ.

ಮಕ್ಕಳ ಸಂಗತಿ ಹಾಗಲ್ಲ. ಪುಣೆಯ ಬಿಬವೇವಾಡಿಯಲ್ಲಿ ಹುಟ್ಟಿ, ಅಲ್ಲಿಯ ಏರುತಗ್ಗಿನ ಬೀದಿಗಳಲ್ಲಿ ಸೈಕಲ್ ಕಲಿತು, ಮರಾಠಿಯಲ್ಲಿ ಜಗಳವಾಡಿ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು, ಮನೆಯ ಹೊಸ್ತಿಲೊಳಗೆ ಮಾತ್ರ ಕನ್ನಡವಾಡುವ ಮಗುವಿಗೆ ಬಿಬವೇವಾಡಿಯೇ ಊರು. ಅದಕ್ಕೆ ನಾವು ತೋರಿಸಹೊರಟಿರುವುದು ಅದರ ಊರನ್ನಲ್ಲ, ನಮ್ಮ ಊರನ್ನು. ಈ ಅಂತರವನ್ನು ಮೊದಲು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ಹೊರಟ ಪ್ರಯಾಣಗಳು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಮುಗಿಯುತ್ತವೆ: ತಂದೆಗೆ ಕಣ್ಣು ತುಂಬಿ ಬರುತ್ತದೆ, ಮಕ್ಕಳಿಗೆ ಆಕಳಿಕೆ ಬರುತ್ತದೆ.

ಹಾಗಾದರೆ ಹುಟ್ಟೂರನ್ನು ಮಕ್ಕಳಿಗೆ ತೋರಿಸುವುದೆಂದರೇನು? ತೋರಿಸಬೇಕಾದುದು ಯಾವುದು? ಇದನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನಿದರ್ಶನಕ್ಕಾಗಿ ನಾನು ತೆಗೆದುಕೊಂಡಿರುವುದು ಬಾಗಲಕೋಟೆ. ಅದು ನನ್ನ ಹುಟ್ಟೂರೆಂಬುದು ಒಂದು ಕಾರಣ. ಅದರ ಒಂದು ಭಾಗ ಈಗ ನೀರಿನಲ್ಲಿರುವುದರಿಂದ, ತೋರಿಸುವುದೆಂಬ ಪ್ರಶ್ನೆ ಅಲ್ಲಿ ಮರೆಯಿಲ್ಲದೆ ಎದುರು ನಿಲ್ಲುತ್ತದೆಂಬುದು ಇನ್ನೊಂದು ಕಾರಣ. ಮನೆ ನಿಂತಿದ್ದರೆ ಬೆರಳು ಮಾಡಿ ತೋರಿಸಿ ಕರ್ತವ್ಯ ಮುಗಿಯಿತೆಂದು ತಿಳಿಯಬಹುದು. ಮನೆಯೇ ಇಲ್ಲದಾಗ ಬೆರಳಿಗೆ ಗುರಿ ಇಲ್ಲ.

2

ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. 1956ರ ನವೆಂಬರ್ 1ರವರೆಗೆ ಅದು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದಿತು. ಆ ತಲೆಮಾರಿನ ಬಾಗಲಕೋಟೆಯವರಿಗೆ ಪುಣೆ, ಸೊಲ್ಲಾಪುರಗಳು ಪರರಾಜ್ಯವಾಗಿರಲಿಲ್ಲ. ಓದಿಗೆ, ವ್ಯಾಪಾರಕ್ಕೆ, ನೌಕರಿಗೆ ಸಹಜವಾದ ದಾರಿಯಾಗಿದ್ದವು. ಏಕೀಕರಣದ ತರುವಾಯ ಊರು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಯಿತು. ಜಿಲ್ಲೆಯಾದ ಕಾಲಕ್ಕೆ ಸರಿಯಾಗಿಯೇ ಊರಿಗೆ ನೀರು ಸಮೀಪಿಸುತ್ತಿದ್ದಿತು.

ನೀರಿನ ಕಥೆ ಅದಕ್ಕೂ ಹಳೆಯದು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು; ಜಲಾಶಯಕ್ಕೆ ಇಂದಿಗೂ ಅವರದೇ ಹೆಸರು. ಘಟಪ್ರಭೆಯು ಆಲಮಟ್ಟಿಗೆ ಮೇಲ್ಗಡೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವುದರಿಂದ, ಕೃಷ್ಣೆಯನ್ನು ತಡೆದರೆ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿಯೂ ಏರಿ ಬಾಗಲಕೋಟೆಯನ್ನು ಮುಟ್ಟಲೇಬೇಕು. ಎರಡು ಸಾವಿರನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನೀರಿನ ಮಟ್ಟವನ್ನು 519.6 ಮೀಟರಿಗೆ ಮಿತಿಗೊಳಿಸಿತು. ಅಡಿಗಲ್ಲಿನಿಂದ ಆ ತೀರ್ಪಿನವರೆಗೆ 36 ವರ್ಷ. ಅಷ್ಟೂ ಕಾಲ ಊರು ಮುಳುಗಲಿರುವ ಊರಾಗಿಯೇ ಬಾಳಿತು.

ಮುಳುಗಲಿರುವ ಊರಿನ ಬಾಳುವೆ ಎಂತಹುದೆಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ಜಂತಿ ಹುಳಿತರೆ ಬದಲಿಸುವುದಿಲ್ಲ, ಹೇಗೂ ಬಿಟ್ಟುಹೋಗುವ ಮನೆ. ಮಾಳಿಗೆ ಸೋರಿದರೆ ಒಂದು ಬುಟ್ಟಿ ಮಣ್ಣು ಹೇರಿ ಸುಮ್ಮನಾಗುತ್ತಾರೆ. ಮಗನ ಮದುವೆಗೆ ಹೊಸ ಕೋಣೆ ಹಾಕಬೇಕೆಂದವರು ಪರಿಹಾರ ಬಂದಮೇಲೆ ನೋಡೋಣವೆನ್ನುತ್ತಾರೆ. ಮುಳುಗಡೆಯ ಗೆರೆಯೊಳಗಿನ ಮನೆಯನ್ನು ಅಡವಿಟ್ಟುಕೊಂಡು ಸಾಲ ಕೊಡುವವರೂ ಇರುವುದಿಲ್ಲ. ಈ ಮಾತನ್ನು ನನ್ನ ವೃತ್ತಿಯ ಅನುಭವದಿಂದ ಹೇಳುತ್ತಿದ್ದೇನೆ. ನೀರು ಬರುವ ಎಷ್ಟೋ ವರ್ಷ ಮೊದಲೇ ಊರು ಒಳಗಿನಿಂದ ಸವೆಯತೊಡಗಿದ್ದಿತು. ನನ್ನ ಬಾಲ್ಯ ಕಳೆದುದು ಇಂಥ ಸವೆತದ ಕಾಲದಲ್ಲಿ. ಆದರೆ ಮಗುವಿಗೆ ಅದು ಸವೆತವೆಂದು ಗೊತ್ತಾಗುವುದಿಲ್ಲ. ಊರೆಂದರೆ ಇದೇ ಎಂದು ಅದು ತಿಳಿಯುತ್ತದೆ.

ನೆಲೆ ಕಳೆದುಕೊಳ್ಳುವವರಿಗಾಗಿ ಕೆಲವು ಕಿಲೋಮೀಟರಿನಾಚೆ ನವನಗರವನ್ನು ಕಟ್ಟಲಾಯಿತು. 1980ರ ದಶಕದಲ್ಲಿ ಅದರ ವಿನ್ಯಾಸವನ್ನು ಸಿದ್ಧಪಡಿಸಿದವರು ಚಾರ್ಲ್ಸ್ ಕೋರಿಯಾ ಅವರು. ಪುಣೆಯ ವಿದ್ಯಾಪೀಠದ ಆವರಣದಲ್ಲಿರುವ ಖಗೋಳವಿಜ್ಞಾನ ಕೇಂದ್ರ 'ಆಯುಕಾ'ದ ಕಟ್ಟಡವೂ ಅವರದೇ ವಿನ್ಯಾಸವೆಂಬುದು ನಮ್ಮ ಓದುಗರಿಗೆ ಆಸಕ್ತಿಯ ಸಂಗತಿಯಾದೀತು. ಅಗಲವಾದ ರಸ್ತೆ, ಗಿಡಮರ, ಆಟದ ಬಯಲು, ಕಚೇರಿ, ಆಸ್ಪತ್ರೆ ಎಲ್ಲವೂ ನವನಗರದಲ್ಲಿ ಉಂಟು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರುಗಳಿಗೆ ಸಂಖ್ಯೆ ಉಂಟು.

3

ಮಗಳಿಗೆ ಏಳು ವರ್ಷವಾಗಿದ್ದಾಗ ಅವಳನ್ನು ಮೊದಲ ಸಲ ಹಳೆಯ ಊರಿಗೆ ಕರೆದೊಯ್ದೆನು. ಡಾಂಬರು ರಸ್ತೆ ನೀರಿನೊಳಗೆ ಇಳಿದುಹೋಗುವ ಒಂದು ಸ್ಥಳದಲ್ಲಿ ನಿಂತು, "ಅಲ್ಲಿ ನಮ್ಮ ಮನೆ ಇತ್ತು" ಎಂದೆ. ಅವಳು ಬಹಳ ಹೊತ್ತು ನೋಡಿದಳು.

"ಬರೇ ನೀರೈತಲ್ಲ ಪಪ್ಪಾ. ಇಲ್ಲಿ ಬೋಟಿಂಗ್ ಎಲ್ಲಿ ಮಾಡ್ತಾರ?"

ನನಗೆ ಸಿಟ್ಟು ಬಂದಿತು. ದಾರಿಯುದ್ದಕ್ಕೂ ಮಾತಾಡಲಿಲ್ಲ. ರಾತ್ರಿ ನವನಗರದ ಮನೆಯಲ್ಲಿ ಇದನ್ನು ಹೇಳಿಕೊಂಡಾಗ ನನ್ನ ತಾಯಿ ಮೊಮ್ಮಗಳ ಪಕ್ಷ ವಹಿಸಿದರು. "ಹುಡುಗಿ ಕಂಡದ್ದು ಹೇಳ್ಯಾಳ. ನೀ ಏನ್ ತೋರಿಸಿದಿ ಅಕಿಗೆ? ನೀರ ತೋರಿಸಿದಿ."

ಅವರ ಮಾತು ನಿಜವಾಗಿದ್ದಿತು. ನಾನು ತೋರಿಸಿದುದು ಮನೆಯನ್ನಲ್ಲ, ನನ್ನ ದುಃಖವನ್ನು. ದುಃಖವನ್ನು ಮಕ್ಕಳು ನೋಡಬಲ್ಲರು, ಪಡೆದುಕೊಳ್ಳಲಾರರು. ಅವರ ಕೈಗೆ ಕೊಡಬಹುದಾದುದು ಬೇರೆ ಏನೋ ಇರಬೇಕು. ಅದು ಯಾವುದೆಂಬುದು ನನಗೆ ಹೊಳೆದುದು ನಾಲ್ಕಾರು ವರ್ಷಗಳ ಮೇಲೆ, ಬ್ಯಾಂಕಿನ ಮೇಜಿನ ಮುಂದೆ.

4

ಸ್ಥಿರಾಸ್ತಿಯ ಮೇಲೆ ಸಾಲ ಕೊಡುವಾಗ ನಾವು ಮೊದಲು ನೋಡುವುದು ಪತ್ರದ ಕೊನೆಯಲ್ಲಿರುವ ಷೆಡ್ಯೂಲನ್ನು. ಅದರಲ್ಲಿ ಆಸ್ತಿಯ ಅಳತೆಯೂ ಅದರ ನಾಲ್ಕು ಮಗ್ಗುಲುಗಳ ವಿವರವೂ ಇರುತ್ತವೆ. ಈ ವಿವರಕ್ಕೆ ನಮ್ಮ ಕಡೆ ಚತುಸ್ಸೀಮೆ ಎನ್ನುವರು, ಮೈಸೂರಿನ ಕಡೆ ಚೆಕ್ಕುಬಂದಿ ಎನ್ನುವರು. ಮರಾಠಿಯಲ್ಲಿಯೂ ಚತುಃಸೀಮಾ ಎಂದೇ ಹೆಸರು. ಪೂರ್ವಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಸರಕಾರಿ ಓಣಿ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಬಾವಿ ಎಂದು ಅದರ ಕ್ರಮ. 1908ರ ನೋಂದಣಿ ಕಾಯಿದೆಯ 21ನೆಯ ಕಲಮು ಪಟ್ಟಣದ ಮನೆಗಳನ್ನು ಹೇಗೆ ವರ್ಣಿಸಬೇಕೆಂದು ವಿಧಿಸುತ್ತದೆ: ಯಾವ ಬೀದಿಗೆ ಮುಖವಾಗಿದೆ, ಆ ಬೀದಿಯ ಯಾವ ದಿಕ್ಕಿನಲ್ಲಿದೆ, ಈಗ ಯಾರಿದ್ದಾರೆ, ಹಿಂದೆ ಯಾರಿದ್ದರು. ಮನೆಗಳಿಗೆ ಸಂಖ್ಯೆಗಳಿದ್ದರೆ ಅದನ್ನೂ ಹೇಳಬೇಕು. ಸಂಖ್ಯೆ ಕೊನೆಗೆ, ಜನ ಮೊದಲು. ಅಳತೆಗೂ ಚತುಸ್ಸೀಮೆಗೂ ಹೊಂದಿಕೆಯಾಗದಿದ್ದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಚತುಸ್ಸೀಮೆಯನ್ನೇ ಎತ್ತಿ ಹಿಡಿಯುತ್ತವೆ.

ಇದು ಬ್ರಿಟಿಷರು ತಂದ ಪದ್ಧತಿಯೇನೂ ಅಲ್ಲ. ನಮ್ಮ ದಾನಶಾಸನಗಳನ್ನು ಓದಿದವರಿಗೆಲ್ಲ ಇದು ಪರಿಚಿತವಾದುದೇ. ರಾಜನ ಹೊಗಳಿಕೆ, ವಂಶಾವಳಿ, ತಿಥಿವಾರಗಳು ಮುಗಿದ ಮೇಲೆ ಶಾಸನವು ನೆಲಕ್ಕಿಳಿದು, ಕೊಟ್ಟ ಭೂಮಿಯ ಎಲ್ಲೆಗಳನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಣಿಸುತ್ತದೆ. ಅಲ್ಲಿ ಹುಣಿಸೆಯ ಮರ ಬರುತ್ತದೆ, ಹುತ್ತ ಬರುತ್ತದೆ, ಹಳ್ಳ ಬರುತ್ತದೆ, ನೆಟ್ಟ ಕಲ್ಲು ಬರುತ್ತದೆ. ರಾಜ್ಯ ಅಳಿದು, ಮರ ಬಿದ್ದು, ಹಳ್ಳ ದಾರಿ ಬದಲಿಸಿದ ಮೇಲೆಯೂ ಆ ನೆಲ ಎಲ್ಲಿದ್ದಿತೆಂದು ವಿದ್ವಾಂಸರು ಗುರುತಿಸುವುದು ಈ ಎಲ್ಲೆಗಳಿಂದ. ಒಂದು ನೆಲ ತನ್ನಿಂದ ತಾನೇ ಗುರುತಾಗುವುದಿಲ್ಲ. ತನ್ನ ಸುತ್ತ ಏನಿದ್ದಿತೆಂಬುದರಿಂದ ಗುರುತಾಗುತ್ತದೆ.

ಮಕ್ಕಳಿಗೆ ಕೊಡಬೇಕಾದುದು ಹುಟ್ಟೂರಿನ ಚತುಸ್ಸೀಮೆಯನ್ನು ಎಂದು ನನಗೆ ತೋರಿದುದು ಆಗ. ಮನೆ ಬಿದ್ದಿರಬಹುದು, ಮಾರಿಹೋಗಿರಬಹುದು, ಮುಳುಗಿರಬಹುದು. ಅದರ ನಾಲ್ಕು ಮಗ್ಗುಲಿಗೆ ಯಾರಿದ್ದರು, ಅವರಿಗೂ ನಮಗೂ ಏನು ಸಂಬಂಧವಿದ್ದಿತು ಎಂಬುದನ್ನು ಹೇಳಬಲ್ಲವರು ಇರುವವರೆಗೆ ಊರನ್ನು ತೋರಿಸಬಹುದು. ಹೇಳಬಲ್ಲವರು ಎಷ್ಟು ಕಾಲ ಇರುವರು ಎಂಬುದು ಬೇರೆ ಮಾತು, ಅವಸರವಿರುವುದು ಅದಕ್ಕಾಗಿಯೇ. ಎರಡು ವರ್ಷ ವ್ಯವಹಾರವಿಲ್ಲದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯವೆಂದು ಬರೆದುಕೊಳ್ಳುತ್ತದೆ. ಹತ್ತು ವರ್ಷವಾದರೆ ಹಣವು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆ ಹಣವನ್ನು ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು. ಊರಿನ ನೆನಪಿಗೆ ಅಂಥ ನಿಧಿ ಇಲ್ಲ.

5

ಎರಡನೆಯ ಸಲ ಹೊರಡುವಾಗ ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಈ ಸಲ ರಸ್ತೆಯ ದಾರಿ ಹಿಡಿದೆವು. ದಾರಿಯೂ ಚತುಸ್ಸೀಮೆಯ ಒಂದು ಭಾಗವೇ ಆದುದರಿಂದ ಅದನ್ನು ಸ್ವಲ್ಪ ವಿವರಿಸಬೇಕು.

ಪುಣೆ-ಸೊಲ್ಲಾಪುರ ಹೆದ್ದಾರಿ ಭಿಗವಣದ ಮುಂದೆ ಉಜನಿ ಜಲಾಶಯದ ಹಿನ್ನೀರಿನ ಬದಿಗೆ ಬರುತ್ತದೆ. ಭೀಮಾ ನದಿಯ ಈ ಅಣೆಕಟ್ಟು 1980ರ ಸುಮಾರಿಗೆ ಪೂರ್ಣವಾದುದು. ಬೇಸಗೆಯಲ್ಲಿ ನೀರು ಇಳಿದಾಗ ಪಳಸದೇವದ ಹಳೆಯ ದೇವಾಲಯ ಹೊರಗೆ ಕಾಣುತ್ತದೆ. ಮಕ್ಕಳು ಅದನ್ನು ನೋಡಬೇಕೆಂದರು; ನೋಡಿದೆವು. ಬಾಗಲಕೋಟೆಯೊಂದೇ ಮುಳುಗಿದ ಊರಲ್ಲವೆಂದು ಅವರಿಗೆ ತಿಳಿದುದು ಅಲ್ಲಿ. ಸೊಲ್ಲಾಪುರ ದಾಟಿ ಧೂಳಖೇಡದ ಹತ್ತಿರ ಮತ್ತೆ ಭೀಮೆ ಅಡ್ಡ ಬರುತ್ತಾಳೆ. ಸೇತುವೆಯ ಈಚೆ ಮಹಾರಾಷ್ಟ್ರ, ಆಚೆ ಕರ್ನಾಟಕ. ಪುಣೆಯ ಮುಳಾ-ಮುಠಾ ನದಿಗಳು ಕೂಡುವುದು ಇದೇ ಭೀಮೆಯನ್ನು. ನಮ್ಮ ಮನೆಯ ಕೆಳಗಿನ ನೀರೇ ನಮಗಿಂತ ಮೊದಲು ಗಡಿ ದಾಟಿ ಕರ್ನಾಟಕಕ್ಕೆ ಬಂದಿರುತ್ತದೆಂದು ಹೇಳಿದಾಗ ಮಗನು ಕಾರಿನ ಕಿಟಕಿಯಿಂದ ಇಣಿಕಿ ನೋಡಿದನು.

ವಿಜಾಪುರ ದಾಟಿದ ಮೇಲೆ ಕೊಲ್ಹಾರ. ಅಲ್ಲಿ ರಸ್ತೆಯ ಬದಿಗೆ ಮಣ್ಣಿನ ಗಡಿಗೆಗಳಲ್ಲಿ ಗಟ್ಟಿ ಮೊಸರು ಮಾರುವರು. ಕೊಲ್ಹಾರವೂ ನೀರಿಗೆ ಹಳೆಯ ನೆಲೆಯನ್ನು ಬಿಟ್ಟುಕೊಟ್ಟು ಮೇಲೆ ಬಂದ ಊರು. ನೆಲ ಬಿಟ್ಟರೂ ಮೊಸರಿನ ಹೆಸರು ಬಿಡಲಿಲ್ಲ. ಅದರ ಮುಂದೆ ಕೊರ್ತಿಯವರೆಗೆ ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆ. ಆಮೇಲೆ ಅನಗವಾಡಿಯಲ್ಲಿ ಘಟಪ್ರಭೆ. ಹೀಗೆ ಮೂರು ನದಿ ದಾಟಿ ಊರು ಸೇರುವಷ್ಟರಲ್ಲಿ, ನೀರು ಎಂಬ ಪದಕ್ಕೆ ಮಕ್ಕಳ ಮನಸ್ಸಿನಲ್ಲಿ ಒಂದು ಭೂಗೋಳ ಸಿದ್ಧವಾಗಿದ್ದಿತು. ಮೊದಲ ಸಲ ನಾನು ಮಾಡದೆ ಬಿಟ್ಟ ಸಿದ್ಧತೆ ಇದು.

ಇನ್ನೊಂದು ಸಿದ್ಧತೆ ಮಾತಿನದು. ಅಡ್ಡಹೆಸರುಗಳ ಅರ್ಥವನ್ನು ದಾರಿಯಲ್ಲಿ ಹೇಳುತ್ತ ಹೋದೆ. ಪುಣೆಯ ಶಾಲೆಯಲ್ಲಿ ಅವರ ಜೊತೆಯ ಮಕ್ಕಳು ಊರಿನ ಹೆಸರಿಗೆ 'ಕರ' ಸೇರಿಸಿ ನಾಗಪುರಕರ, ಸಾತಾರಕರ ಎನಿಸಿಕೊಂಡಿದ್ದಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಹಾಗೆಯೇ, ಇಲ್ಲವೆ ಕಿರಿದಾಗಿ ತಿದ್ದಿಕೊಂಡು, ಅಡ್ಡಹೆಸರಾಗುತ್ತದೆ: ಬಾಗಲಕೋಟಿ, ಬೀಳಗಿ, ಮುಧೋಳ, ಕೊಲ್ಹಾರ. ಒಂದು ಊರಿನಲ್ಲೇ ಇರುವವನಿಗೆ ಆ ಊರಿನ ಅಡ್ಡಹೆಸರು ಬರುವ ಸಂಭವ ಕಡಿಮೆ. ಊರು ಬಿಟ್ಟು ಬಂದವನನ್ನೇ ಜನ ಅವನ ಊರಿನ ಹೆಸರಿನಿಂದ ಕರೆಯುವರು. ಎಂದರೆ, ಈ ಹೆಸರುಗಳೆಲ್ಲ ಹಿಂದೊಮ್ಮೆ ಯಾರೋ ವಲಸೆ ಹೋದುದರ ದಾಖಲೆಗಳು. ವಲಸೆ ನಮ್ಮಿಂದ ಆರಂಭವಾದುದಲ್ಲ.

6

ನವನಗರದಲ್ಲಿ ನನ್ನ ಕಾಕಾ ಇದ್ದಾರೆ; ವಯಸ್ಸು ಎಂಬತ್ತು ದಾಟಿದೆ. ಅಜ್ಜನ ಕಾಲದ ಖರೀದಿಪತ್ರದ ಒಂದು ನಕಲನ್ನು ಜೊತೆಗೆ ಒಯ್ದಿದ್ದೆ. ಅವರ ಮುಂದಿಟ್ಟು, ಚತುಸ್ಸೀಮೆಯನ್ನು ಓದಲು ಮಗಳಿಗೆ ಹೇಳಿದೆ. ಅವಳಿಗೆ ಕನ್ನಡದ ಓದು ನಿಧಾನ. ಒಂದೊಂದು ಅಕ್ಷರ ಕೂಡಿಸಿ 'ಪೂರ್ವಕ್ಕೆ' ಎಂದಳು. ಕಾಕಾ ಕಣ್ಣು ಮುಚ್ಚಿಕೊಂಡು, "ಸಿಂಪಿಗ್ಯಾರ ಮನಿ" ಎಂದರು. ಪತ್ರದಲ್ಲಿಯೂ ಹಾಗೆಯೇ ಇದ್ದಿತು. ಆಮೇಲೆ ಅವಳು ದಿಕ್ಕಿನ ಹೆಸರು ಹೇಳುವುದು, ಅವರು ಹೆಸರು ಹೇಳುವುದು, ಅವಳು ಪತ್ರದಲ್ಲಿ ಸರಿನೋಡುವುದು, ಹೀಗೆ ಅದು ಒಂದು ಆಟವೇ ಆಯಿತು. ಮಗನು ಒಳಗಿಂದ ರಂಗೋಲಿಯ ಬಟ್ಟಲು ತಂದನು. ಕಾಕಾ ಅಂಗಳದ ಫರಸಿಯ ಮೇಲೆ ಓಣಿಯನ್ನು ಬರೆದರು: ಇದು ಅಗಸಿ, ಇದು ನಳ, ಇದು ನಮ್ಮ ಪಡಸಾಲಿ, ಇಲ್ಲಿ ದನ ಕಟ್ಟುವುದು, ಇಲ್ಲಿ ಜೋಳದ ಹಗೇವು.

"ಹಗೇವು ಅಂದ್ರ ಏನ್ ಮುತ್ಯಾ?"

"ನೆಲದಾಗಿನ ಕಣಜ ಯವ್ವಾ. ಮ್ಯಾಲೆ ಕಲ್ಲು ಮುಚ್ಚಿ ಮಣ್ಣು ಬಡದ್ರ ಮುಗೀತು. ಬರಗಾಲ ಬಂದ್ರ ತಗೀತಿದ್ವಿ. ತಗದ ಕೂಡಲೆ ಇಳೀಬಾರದು. ಒಳಗ ಗಾಳಿ ಕೆಟ್ಟಿರತೈತಿ."

ಪಶ್ಚಿಮಕ್ಕೆ ಪತ್ರದಲ್ಲಿ 'ಖುಲ್ಲಾ ಜಾಗೆ' ಎಂದಷ್ಟೇ ಇದ್ದಿತು. ಕಾಕಾ ಅಲ್ಲಿ ಒಂದು ಬೇವಿನ ಮರವನ್ನೂ ಅದರ ಸುತ್ತ ಕಟ್ಟೆಯನ್ನೂ ಬರೆದು, ಸಂಜೆಗೆ ಓಣಿಯವರೆಲ್ಲ ಅಲ್ಲಿ ಕೂಡುತ್ತಿದ್ದರೆಂದರು. "ಎಲ್ಲಾರೂ?" ಎಂದಳು ಮಗಳು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಇಲ್ಲಮ್ಮಾ. ಎಲ್ಲಾರೂ ಅಲ್ಲ" ಎಂದು, ಕಟ್ಟೆಯ ಕೆಳಗೆ ಯಾರು ನಿಲ್ಲುತ್ತಿದ್ದರು, ಏಕೆ ನಿಲ್ಲುತ್ತಿದ್ದರು ಎಂಬುದನ್ನು ಹೇಳಿದರು. ಅದನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ನಾನೂ ಎಂದೂ ಕೇಳಿರಲಿಲ್ಲ.

ಒಳಗಿನಿಂದ ನನ್ನ ತಾಯಿ ದನಿಗೂಡಿಸಿದರು: "ನಿಮ್ಮಪ್ಪಗ ಹಳೇ ಮನಿ ಬಾಳ ಚೆಂದ ಕಾಣತೈತಿ. ನಸುಕಿನ್ಯಾಗ ಎದ್ದು ಆ ನಳಕ್ಕ ಪಾಳಿ ಹಚ್ಚಿದಾಕಿ ನಾ. ಇಲ್ಲಿ ಒಲಿ ಮುಂದ ನೀರ ಬರತೈತಿ."

ಈ ಎರಡು ಮಾತುಗಳನ್ನು ಮುಚ್ಚಿಡುವುದು ಸುಲಭವಾಗಿದ್ದಿತು. ಹುಟ್ಟೂರನ್ನು ನೆನೆಯುವ ನಮ್ಮ ಬರಹಗಳಲ್ಲಿ ಬಹಳಷ್ಟು ಅವನ್ನು ಮುಚ್ಚಿಟ್ಟುಕೊಂಡೇ ಬಂದಿವೆ. ಓಣಿಗೆ ಹೆಸರಿದ್ದಿತು, ಸೆಕ್ಟರಿಗೆ ಬರಿಯ ಸಂಖ್ಯೆ ಎಂದು ನಾವು ಕೊರಗುತ್ತೇವೆ. ಆದರೆ ಓಣಿಯ ಹೆಸರಿನಲ್ಲಿಯೇ ಯಾರು ಎಲ್ಲಿರಬೇಕೆಂಬ ಕಟ್ಟಳೆಯೂ ಅಡಗಿದ್ದಿತು. ಸಂಖ್ಯೆಗೆ ಅಂಥ ಕಟ್ಟಳೆಯ ನೆನಪಿಲ್ಲ. ಮಕ್ಕಳಿಗೆ ಎರಡನ್ನೂ ಹೇಳಬೇಕು. ಎಲ್ಲೆಯ ಒಂದು ಮಗ್ಗುಲನ್ನು ಬಿಟ್ಟು ಬರೆದ ಪತ್ರ ಸಂದೇಹಕ್ಕೆ ಎಡೆಗೊಡುತ್ತದೆ.

7

ಹೆಸರುಗಳು ಪೂರ್ಣವಾಗಿ ಅಳಿದುಹೋದುವೆಂದೂ ಅಲ್ಲ. ಬಾಗಲಕೋಟೆಯ ಹೋಳಿ ಹಬ್ಬ ನಾಡಿನಲ್ಲಿ ಹೆಸರಾದುದು. ಹಲವು ದಿನ ನಡೆಯುವ ಆ ಹಬ್ಬದಲ್ಲಿ ಹಲಗೆಯ ಮೇಳಗಳೂ ಬಣ್ಣದ ಬಂಡಿಗಳೂ ಹೊರಡುವುದು ಇಂದಿಗೂ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳಲ್ಲಿ. ಪೇಟೆ ಎಂದೊಡನೆ ಮಕ್ಕಳ ಕಿವಿ ನಿಮಿರಿತು. ಕಸಬಾ ಪೇಠ, ರವಿವಾರ ಪೇಠ, ಶನಿವಾರ ಪೇಠಗಳ ಪುಣೆಯಲ್ಲಿ ಬೆಳೆದವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಹೀಗೆ, ಮಗುವಿನ ಊರಿನಲ್ಲಿರುವ ಪದವೇ ತಂದೆಯ ಊರಿನಲ್ಲಿಯೂ ಸಿಕ್ಕಾಗ ಎರಡು ಊರುಗಳ ನಡುವೆ ಒಂದು ಕಾಲುದಾರಿ ಬೀಳುತ್ತದೆ. ಇಂಥ ಪದಗಳನ್ನು ಮುಂಚಿತವಾಗಿ ಹುಡುಕಿಟ್ಟುಕೊಳ್ಳುವುದು ತಂದೆತಾಯಿಗಳ ಕೆಲಸ.

ಮುಳುಗಡೆಯ ಹಳ್ಳಿಗಳ ಜನ ಈ ವಿಷಯದಲ್ಲಿ ಪಟ್ಟಣದವರಿಗಿಂತ ಜಾಣರಾದರು. ಅವರು ಪುನರ್ವಸತಿ ಕೇಂದ್ರಗಳಿಗೆ ಹೋಗುವಾಗ ಊರಿನ ಹೆಸರನ್ನೂ ಹೊತ್ತುಕೊಂಡು ಹೋದರು. ಈಜಿಪ್ತಿನ ಆಸ್ವಾನ್ ಅಣೆಕಟ್ಟಿಗಾಗಿ 1963-64ರಲ್ಲಿ ನೈಲ್ ದಂಡೆಯಿಂದ ಎತ್ತಿಹಾಕಲ್ಪಟ್ಟ ನೂಬಿಯಾದ ಜನರೂ ಕೋಮ್ ಓಂಬೋದ ಬಯಲಿನ ಹೊಸ ಹಳ್ಳಿಗಳಿಗೆ ಹಳೆಯ ಹಳ್ಳಿಗಳ ಹೆಸರುಗಳನ್ನೇ ಇಟ್ಟುಕೊಂಡರು. ಅಬು ಸಿಂಬೆಲ್ಲಿನ ಶಿಲ್ಪಗಳನ್ನು ಕೊರೆದು ಮೇಲಕ್ಕೆ ಸಾಗಿಸಿದುದು ಜಗತ್ತಿಗೆಲ್ಲ ತಿಳಿದಿದೆ. ಹೆಸರುಗಳನ್ನು ಸಾಗಿಸಿದವರ ಸುದ್ದಿ ಅಷ್ಟು ತಿಳಿಯದು. ಕನ್ನಡದಲ್ಲಿ ಶರಾವತಿಯ ಮುಳುಗಡೆಯನ್ನು ನಾ. ಡಿಸೋಜ ಅವರು ತಮ್ಮ 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಹಿಡಿದಿಟ್ಟರು. ಕೃಷ್ಣೆಯ ಕಡೆಯ ಪೇಟೆ ಓಣಿಗಳಿಗೆ ಬೇಕಾದುದು ಸದ್ಯಕ್ಕೆ ಕಾದಂಬರಿಗಿಂತ ಮೊದಲು ಒಂದು ಪಟ್ಟಿ.

8

ಆಲಮಟ್ಟಿಯನ್ನು ನೋಡದೆ ಹಿಂದಿರುಗುವಂತಿರಲಿಲ್ಲ. ಪುಣೆಯ ಮಕ್ಕಳಿಗೆ ಆ ಹೆಸರು ಗೊತ್ತಿರುವುದು ಬೇರೊಂದು ಕಾರಣದಿಂದ. ಸಾಂಗಲಿ, ಕೊಲ್ಹಾಪುರಗಳಲ್ಲಿ 2005ರಲ್ಲಿಯೂ 2019ರಲ್ಲಿಯೂ ಮಹಾಪೂರ ಬಂದಾಗ, ಆಲಮಟ್ಟಿಯ ಹಿನ್ನೀರೇ ಅದಕ್ಕೆ ಕಾರಣವೆಂಬ ಮಾತು ಮಹಾರಾಷ್ಟ್ರದಲ್ಲೆಲ್ಲ ಹಬ್ಬಿತು. 2019ರ ಪೂರವನ್ನು ಪರಿಶೀಲಿಸಲು ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ಸಮಿತಿಯು ಆ ಅಭಿಪ್ರಾಯವನ್ನು ಒಪ್ಪಲಿಲ್ಲ; ವಾದ ಮಾತ್ರ ನಿಂತಿಲ್ಲ. ಆದುದರಿಂದ ನನ್ನ ಮಗಳು ಶಾಲೆಯಲ್ಲಿ 'ನಿಮ್ಮ ಆಲಮಟ್ಟಿ' ಎಂಬ ಮಾತನ್ನು ಕೇಳಿದ್ದಳು. ಆ ಅಣೆಕಟ್ಟಿಗೆ ನಮ್ಮದೇ ಮನೆ ಹೋಗಿದೆಯೆಂದು ಅವಳ ಗೆಳತಿಯರಿಗೆ ಗೊತ್ತಿರಲಿಲ್ಲ.

ಕಟ್ಟೆಯ ಹತ್ತಿರ ನಿಂತಾಗ ಮಗನು ಕೇಳಿದನು: "ಈ ನೀರ ಯಾರು ಕುಡೀತಾರ?"

ವಿಜಾಪುರದ ಕಡೆಯ ಒಣನೆಲಕ್ಕೆ ಕಾಲುವೆ ಹೋಗುತ್ತದೆ, ಊರುಗಳಿಗೆ ಕುಡಿಯಲು ಹೋಗುತ್ತದೆ, ವಿದ್ಯುತ್ತು ಆಗುತ್ತದೆ ಎಂದೆ. ಅವನು ಬಿಡಲಿಲ್ಲ. "ನಮ್ಮ ನೀರ ಎಲ್ಲಿಂದ ಬರತೈತಿ?"

ಬಿಬವೇವಾಡಿಯ ನಮ್ಮ ನಳಕ್ಕೆ ಬರುವುದು ಖಡಕವಾಸಲೆಯ ನೀರು. ಖಡಕವಾಸಲೆಗೆ ಮೇಲಿನಿಂದ ನೀರು ಬಿಡುವುದು ಪಾನಶೇತ, ವರಸಗಾವ, ಟೇಮಘರ ಜಲಾಶಯಗಳು. ಪಾನಶೇತ ಕಟ್ಟೆ 1961ರ ಜುಲೈ 12ರಂದು ಒಡೆದು ಪುಣೆಯ ಪೇಠಗಳ ಎಷ್ಟೋ ಹಳೆಯ ವಾಡೆಗಳು ಬಿದ್ದುದನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಕಟ್ಟೆ ಕಟ್ಟಿದಾಗ ಮುಳುಗಿದ ಮಾವಳದ ಹಳ್ಳಿಗಳ ಮಾತನ್ನು ಅಷ್ಟಾಗಿ ಹೇಳುವುದಿಲ್ಲ. ಪುಣೆಯ ಸಮೀಪದ ಮುಳಶಿಯಲ್ಲಿ ಟಾಟಾ ಕಂಪನಿಯ ಅಣೆಕಟ್ಟಿನ ವಿರುದ್ಧ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ರೈತರು 1921ರಲ್ಲಿಯೇ ಸತ್ಯಾಗ್ರಹ ಹೂಡಿದ್ದರು. ಬಾಗಲಕೋಟೆಯ ಮನೆಯನ್ನು ಕಳೆದುಕೊಂಡ ನಾವು ಪುಣೆಯಲ್ಲಿ ಇನ್ನಾರದೋ ಮನೆಯ ಮೇಲೆ ನಿಂತ ನೀರನ್ನು ಕುಡಿಯುತ್ತಿದ್ದೇವೆ. ಇದನ್ನು ನಾನು ಇಪ್ಪತ್ತು ವರ್ಷ ಪುಣೆಯಲ್ಲಿದ್ದೂ ಯೋಚಿಸಿರಲಿಲ್ಲ; ಒಂಬತ್ತು ವರ್ಷದ ಹುಡುಗನು ಕೇಳಿದ ಮೇಲೆ ಯೋಚಿಸಬೇಕಾಯಿತು. ನಮ್ಮ ಊರಿನ ಚತುಸ್ಸೀಮೆಯನ್ನು ಮಕ್ಕಳಿಗೆ ತೋರಿಸಹೊರಟರೆ, ಅವರ ಊರಿನ ಚತುಸ್ಸೀಮೆಯನ್ನು ಅವರು ನಮಗೆ ತೋರಿಸುವುದೂ ಉಂಟು.

9

ಇನ್ನು ಕಾಲದ ಮಾತು. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ. ಈಗಿನದಕ್ಕಿಂತ ಸುಮಾರು 15 ಅಡಿ ಹೆಚ್ಚು. ಅದು ಇನ್ನೂ ಕಾರ್ಯರೂಪಕ್ಕೆ ಬಂದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವಸಂಪುಟವು ಮುಳುಗಡೆಯಾಗಲಿರುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿರ್ಧರಿಸಿತು. ನೀರು ಏರಿದರೆ ಇನ್ನಷ್ಟು ಹಳ್ಳಿಗಳೂ ಹಳೆಯ ಬಾಗಲಕೋಟೆಯ ಉಳಿದ ಕೆಲವು ವಾರ್ಡುಗಳೂ ಹೋಗುತ್ತವೆ. ನನ್ನ ಬಾಲ್ಯದಲ್ಲಿದ್ದ ಕಾಯುವ ಸ್ಥಿತಿ ಅಲ್ಲಿಯ ಮಕ್ಕಳಿಗೆ ಈಗಲೂ ಇದೆ. ಒಣಭೂಮಿಗೆ ನೀರು ಬೇಕೆಂಬುದೂ ನಿಜ, ಮನೆ ಬಿಡಲಾರೆವೆಂಬುದೂ ನಿಜ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಈ ಲೇಖನದ ಕೆಲಸವಲ್ಲ. ಪರಿಹಾರದ ಪಟ್ಟಿಯಲ್ಲಿ ಗೋಡೆಗೆ, ಗಿಡಕ್ಕೆ, ಬಾವಿಗೆ ಬೆಲೆ ಕಟ್ಟುವರು. ಪೂರ್ವಕ್ಕೆ ಸಿಂಪಿಗರ ಮನೆ ಇದ್ದುದಕ್ಕೆ ಬೆಲೆ ಕಟ್ಟುವ ಕಾಲಮು ಅದರಲ್ಲಿ ಇಲ್ಲ. ಅದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ಆದಕಾರಣ ನಮ್ಮ ಓದುಗರಲ್ಲಿ ಒಂದು ಬಿನ್ನಹ. ಮುಂದಿನ ರಜೆಗೆ ಮಕ್ಕಳೊಡನೆ ಊರಿಗೆ ಹೋಗುವವರು ಮನೆಯ ಹಳೆಯ ಪತ್ರವೊಂದನ್ನು ಹುಡುಕಿ ಜೊತೆಗೆ ಒಯ್ಯಲಿ. ಪತ್ರವಿಲ್ಲದವರು, ಎಂದೂ ಸ್ವಂತ ಮನೆ ಇಲ್ಲದಿದ್ದವರು, ಬಾಡಿಗೆಯ ಮನೆಯ ನಾಲ್ಕು ಮಗ್ಗುಲನ್ನೇ ನೆನಪಿನಿಂದ ಬರೆಯಲಿ. ಅದನ್ನು ಊರಿನಲ್ಲಿರುವ ಅತ್ಯಂತ ಹಿರಿಯರ ಮುಂದೆ ಮಕ್ಕಳೇ ಓದಲಿ. ತಂದೆತಾಯಿಗಳು ಪಕ್ಕದಲ್ಲಿ ಸುಮ್ಮನೆ ಕುಳಿತಿರಲಿ. ಓಣಿ, ಅಗಸೆ, ಬಾವಿ, ಕಟ್ಟೆ, ಗಿಡ, ಗುಡಿ, ದರ್ಗಾಗಳ ಹೆಸರುಗಳನ್ನು ಅವರು ಹೇಳಿದಂತೆಯೇ, ಅವರ ಉಚ್ಚಾರದಲ್ಲಿಯೇ ಬರೆದುಕೊಳ್ಳಲಿ. ಅಂಥ ಒಂದೆರಡು ನೂರು ಪಟ್ಟಿಗಳು ಸೇರಿದರೆ, ಊರು ಬಿಟ್ಟ ಕನ್ನಡಿಗರ ಸ್ಥಳನಾಮಕೋಶವೊಂದಕ್ಕೆ ಸಾಮಗ್ರಿಯಾದೀತು.

ಕಾಕಾ ಬರೆದ ರಂಗೋಲಿಯ ಓಣಿ ಮರುದಿನ ಬೆಳಗ್ಗೆ ಅಂಗಳ ತೊಳೆದಾಗ ಹೋಯಿತು. ಮಗಳು ರಾತ್ರಿಯೇ ಅದನ್ನು ತನ್ನ ಶಾಲೆಯ ಚೌಕುಳಿ ಹಾಳೆಯ ವಹಿಯಲ್ಲಿ ಇಳಿಸಿಕೊಂಡಿದ್ದಳು. ದಿಕ್ಕುಗಳ ಹೆಸರು ಕನ್ನಡದಲ್ಲಿವೆ. ನಾಲ್ಕಾರು ಕಡೆ ಕಾಗುಣಿತ ತಪ್ಪಿದೆ. ಪಶ್ಚಿಮದ ಬೇವಿನ ಕಟ್ಟೆಯ ಕೆಳಗೆ, ಕಾಕಾ ಹೇಳಿದ ಸ್ಥಳದಲ್ಲಿ, ನಿಂತಿರುವ ಮೂರು ಮನುಷ್ಯರ ಗುರುತನ್ನು ಹಾಕಿದ್ದಾಳೆ.